ತಪಸ್ಸುಕಾಲದ ಪೂಜಾವಸ್ತ್ರದ ಬಣ್ಣ: ನೇರಳೆಯೋ, ಧೂಮ್ರವೋ?

ಬಲ್ಲವರೆಲ್ಲರಿಗೂ ಬೆಳಗಾವಿಯಿಂದ ನಮಸ್ಕಾರ.

ನಮ್ಮ ಚರ್ಚಿನಲ್ಲಿ ಕನ್ನಡ ಪೂಜೆಗೆ ಬರುವವರಿಗಾಗಿ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸ, ಪಶ್ಚಾತ್ತಾಪದ ಅವಧಿಯಾದ ತಪಸ್ಸುಕಾಲದ ಆಚರಣೆಗಳನ್ನು ವಿವರಿಸುವ ಎರಡು ಪುಟದ ಬರಹವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ವಿಭೂತಿ ಬುಧವಾರದಿಂದ ಆರಂಭವಾಗುವ ಈ ಕಾಲದಲ್ಲಿ ಗುರುಗಳು ಬಲಿಪೂಜೆಗೆ ಧರಿಸುವ ಮೇಲುವಸ್ತ್ರದ ಬಣ್ಣವನ್ನು ರೋಮನ್ ವಿಧಿಯ ಲ್ಯಾಟಿನ್ ನಿಯಮಗಳು 'ವಿಯೊಲಾಚೆಯುಸ್' ಎನ್ನುತ್ತವೆ. ಇದಕ್ಕೆ ಸರಿಯಾದ ಕನ್ನಡ ಪದ ಯಾವುದೆಂಬುದು ನನ್ನ ಪ್ರಶ್ನೆ.

ಮೊದಲು ಹೊಳೆದದ್ದು 'ನೇರಳೆ'. 'ನೇರಳಾತೀತ ಕಿರಣ' ಎಂಬ ಮಾತಿನಿಂದ ಶಾಲೆಯ ಮಕ್ಕಳಿಗೂ ಇದು ಪರಿಚಿತ. ಮರಾಠಿಯ 'ಜಾಂಭಳಾ' ಕೂಡ ಅದೇ ಹಣ್ಣಿನಿಂದ ಬಂದಿರುವುದರಿಂದ ಎರಡೂ ಭಾಷೆ ಆಡುವ ನಮ್ಮೂರಿನಲ್ಲಿ ಗೊಂದಲಕ್ಕೆ ಎಡೆಯಿಲ್ಲ ಎಂದುಕೊಂಡಿದ್ದೆ. ಆದರೆ ಹೊಸ ಪೂಜಾವಸ್ತ್ರಕ್ಕೆ ಬಟ್ಟೆ ತರಲು ಖಡೇಬಜಾರಿಗೆ ಹೋದಾಗ ಅಂಗಡಿಯವರು, "ಬದನಿಕಾಯಿ ಬಣ್ಣದ್ದು ಬೇಕೇನ್ರಿ, ಜಾಂಬಳಿ ಬೇಕೇನ್ರಿ?" ಎಂದು ಕೇಳಿ ಎರಡು ತುಂಡುಗಳನ್ನು ಬಾಗಿಲ ಬಿಸಿಲಿಗೆ ಹಿಡಿದರು. ಒಳಗೆ ಒಂದೇ ಆಗಿ ಕಂಡಿದ್ದ ಬಟ್ಟೆಗಳಲ್ಲಿ ಬೆಳಕು ಬಿದ್ದೊಡನೆ ಒಂದು ಕೆಂಪಿನತ್ತ, ಇನ್ನೊಂದು ನೀಲಿಯತ್ತ ವಾಲಿತು. ನಾನು 'ನೇರಳೆ' ಎಂಬ ಒಂದೇ ಮಾತಿನಲ್ಲಿ ಈ ಎರಡನ್ನೂ ಸೇರಿಸಿಬಿಟ್ಟಿದ್ದೆ.

ಈ ಭೇದ ಅರ್ಥಕ್ಕೂ ಸಂಬಂಧಿಸಿದ್ದು. ಯೋವಾನ್ನನ ಶುಭಸಂದೇಶದ 19ನೆಯ ಅಧ್ಯಾಯದಲ್ಲಿ ಸೈನಿಕರು ಯೇಸುವಿಗೆ ಮುಳ್ಳಿನ ಕಿರೀಟವಿಟ್ಟು ಅಣಕಕ್ಕೆಂದು ಹೊದಿಸಿದ ನಿಲುವಂಗಿಯ ಬಣ್ಣ, ಸಮುದ್ರದ ಬಸವನಹುಳುವಿನಿಂದ ತೆಗೆಯುತ್ತಿದ್ದ, ಅರಸೊತ್ತಿಗೆಯ ಗುರುತಾಗಿದ್ದ, ಕೆಂಪು ಮುಂದಾದ ಬಣ್ಣ. ಪೂಜಾವಸ್ತ್ರದ ಬಣ್ಣದ ಹಾದಿ ಬೇರೆ. ಮುಂದೆ 1198ರಲ್ಲಿ ಮೂರನೆಯ ಇನ್ನೊಸೆಂಟ್ ಎಂಬ ಹೆಸರಿನಲ್ಲಿ ಪೋಪ್ ಆದವರು ಪೂಜೆಯ ಬಣ್ಣಗಳ ಬಗ್ಗೆ ಬರೆಯುವಾಗ ಬಿಳಿ, ಕೆಂಪು, ಕಪ್ಪು, ಹಸಿರು ಎಂಬ ನಾಲ್ಕನ್ನು ಮುಖ್ಯವೆಂದು ಹೇಳಿ, 'ವಿಯೊಲಾಚೆಯುಸ್' ಬಣ್ಣವನ್ನು ಪಶ್ಚಾತ್ತಾಪದ ಕಪ್ಪಿನ ಜೊತೆಗೆ ಸೇರಿಸಿದರು. ಅಂದರೆ ಇದು ತಿಳಿಯಾದ ಕಪ್ಪು. ಶೋಕವಿದೆ, ಆದರೆ ಕತ್ತಲೆಯಿಲ್ಲ. ತಪಸ್ಸುಕಾಲದ ನಾಲ್ಕನೆಯ ಭಾನುವಾರ ಇದೇ ಬಣ್ಣ ಗುಲಾಬಿಯಾಗಿ ತಿಳಿಗೊಳ್ಳಬಹುದೆಂಬ ವಿಧಿಯನ್ನು ನೋಡಿದರೆ ಆ ಭಾವ ನನಗೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಗರಿಗಳ ಭಾನುವಾರ ಮತ್ತು ಶುಭ ಶುಕ್ರವಾರದ ಕೆಂಪು ಯಾತನೆಯ ರಕ್ತಕ್ಕೆ ಸಂಬಂಧಿಸಿದ್ದು. ಅದರ ಬಗ್ಗೆ ನನಗೆ ಸಂದೇಹವಿಲ್ಲ.

ಇಲ್ಲಿ 'ಧೂಮ್ರ' ನನ್ನನ್ನು ಹಿಡಿದು ನಿಲ್ಲಿಸಿದೆ. ಕನ್ನಡ ಬೈಬಲಿನ ವಿಮೋಚನಕಾಂಡದಲ್ಲಿ ದೇವದರ್ಶನದ ಗುಡಾರದ ಪರದೆಗಳಿಗೆ ನೀಲಿ, ಧೂಮ್ರ, ರಕ್ತವರ್ಣಗಳ ದಾರವನ್ನು ಹೇಳಿದೆ. ಇಂದಿನ ಓದುಗರಿಗೆ 'ಧೂಮ್ರ' ಎಂದರೆ ಹೊಗೆ ನೆನಪಾಗುತ್ತದೆ, ವಿಭೂತಿ ಬುಧವಾರದ ಬೂದಿಯ ಜೊತೆಗೆ ಅದನ್ನು ಹೆಣೆಯಲು ಮನಸ್ಸೂ ಎಳೆಯುತ್ತದೆ. ಆ ಹೆಣಿಗೆ ಸುಂದರವಾದರೂ ನಿಜವಲ್ಲವಾದ್ದರಿಂದ ನಾನು ಬರೆಯಲಾರೆ. ಆದರೆ ಅಮರಕೋಶವು ಧೂಮ್ರವನ್ನು 'ಕೃಷ್ಣಲೋಹಿತ' ಎನ್ನುತ್ತದೆ, ಅಂದರೆ ಕಪ್ಪು ಬೆರೆತ ಕೆಂಪು. ಕಪ್ಪಿನ ನಂಟನ್ನು ಹೆಸರಿನ ಅರ್ಥದಲ್ಲೇ ಉಳಿಸಿಕೊಂಡ ಪದ ನಮ್ಮಲ್ಲಿ ಇದೊಂದೇ ಎಂದು ನನಗೆ ಅನ್ನಿಸುತ್ತದೆ. 'ಕೆನ್ನೀಲಿ' ಬಣ್ಣವನ್ನು ಚೆನ್ನಾಗಿ ತೋರಿಸುತ್ತದೆ, ಭಾವವನ್ನು ತೋರಿಸುವುದಿಲ್ಲ. ಗೆಳೆಯರೊಬ್ಬರು 'ಕಾವಿ' ಎನ್ನಬಹುದಲ್ಲ ಎಂದರು. ವೈರಾಗ್ಯದ ಬಣ್ಣವಾಗಿ ನಮ್ಮ ಜನಕ್ಕೆ ಅದು ತಟ್ಟನೆ ತಿಳಿಯುವುದು ನಿಜವಾದರೂ, ಗುರುಗಳ ಮೈಮೇಲೆ ಕಾಣದ ಬಣ್ಣವನ್ನು ಬರಹದಲ್ಲಿ ಕಾಣಿಸುವುದು ಸರಿಯಲ್ಲ.

ಸದ್ಯಕ್ಕೆ ಪೂಜಾವಸ್ತ್ರಕ್ಕೆ 'ನೇರಳೆ', ಯೇಸುವಿಗೆ ಹೊದಿಸಿದ ನಿಲುವಂಗಿಗೆ 'ಧೂಮ್ರ' ಎಂದು ಬೇರ್ಪಡಿಸಿ ಬರೆದಿದ್ದೇನೆ. ಆದರೆ ಅಮರಕೋಶದ ಅರ್ಥವನ್ನು ಹಿಡಿದರೆ ಇವೆರಡನ್ನು ಅದಲುಬದಲು ಮಾಡಬೇಕಾಗುತ್ತದೆಯೇ? ವಿಜಯಪುರ, ಬಾಗಲಕೋಟೆ ಕಡೆಯ ಚರ್ಚುಗಳಲ್ಲಿ ಹಿರಿಯರು ಈ ವಸ್ತ್ರವನ್ನು ಯಾವ ಬಣ್ಣದ್ದೆಂದು ಕರೆಯುತ್ತಾರೆ ಎಂಬುದನ್ನೂ ಬಲ್ಲವರು ದಯವಿಟ್ಟು ತಿಳಿಸಬೇಕು.