ಹಳೆಯ ಆವಿ ಬಾಯ್ಲರಿನಲ್ಲಿ ಕಡಿಮೆಯಾಗುವ ನೀರು: ‘ಸೋರಿಕೆ’ ಒಂದೇ ಪದ ಸಾಕೇ?

ಆತ್ಮೀಯರೇ,

ಬಾಸ್ಟನ್ ಸುತ್ತಮುತ್ತ ಹಳೆಯ ಮನೆಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಎರಡನೆಯ ಮಹಾಯುದ್ಧಕ್ಕೂ ಮುಂಚೆ ಕಟ್ಟಿದ ಇಲ್ಲಿನ ಎಷ್ಟೋ ಮನೆಗಳನ್ನು ಇಂದಿಗೂ ಚಳಿಗಾಲದಲ್ಲಿ ಬೆಚ್ಚಗಿಡುವುದು ನೆಲಮಾಳಿಗೆಯ ಬಾಯ್ಲರಿನಿಂದ ಏಳುವ ಆವಿ. ಕೈಪಿಡಿ ಕನ್ನಡದಲ್ಲೇ ಇರಬೇಕು ಎನ್ನಲು ಕಾರಣವಿದೆ. ಮಗ, ಸೊಸೆ ಕೆಲಸಕ್ಕೆ ಹೋದ ಮೇಲೆ ಹಗಲಿಡೀ ಮನೆಯಲ್ಲಿರುವವರು ಊರಿನಿಂದ ಬಂದ ತಂದೆತಾಯಿ. ಒಳಗಿನ ನೀರಿನ ಮಟ್ಟ ತೋರಿಸುವ, ಬಾಯ್ಲರಿನ ಪಕ್ಕದ ಗಾಜುನಳಿಗೆಯಲ್ಲಿ ನೀರು ಇಳಿದಿರುವುದನ್ನು ಮೊದಲು ಕಾಣುವವರೂ ಅವರೇ. ಆಗ ಫೋನಿನಲ್ಲಿ ಬರುವುದು ಒಂದೇ ಮಾತು: ‘ನೀರು ಸೋರುತ್ತಿದೆ.’ ದುರಸ್ತಿಗೆ ಬರುವವರಿಗೆ ಆ ಮಾತಿನಿಂದ ಏನೂ ತಿಳಿಯುವುದಿಲ್ಲ. ನೀರು ಎಲ್ಲಿ ಹೋಯಿತು ಎಂಬುದಕ್ಕಿಂತ ಮೊದಲು ಹೇಗೆ ಹೋಯಿತು, ಯಾವ ಹೊತ್ತಿನಲ್ಲಿ ಹೋಯಿತು ಎಂಬುದು ಗೊತ್ತಾಗಬೇಕು. ನೀರು ಕಡಿಮೆಯಾಗುವ ಬಗೆಗಳಿಗೆ ನಮ್ಮಲ್ಲಿ ಬೇರೆಬೇರೆ ಕ್ರಿಯಾಪದಗಳಿವೆ. ಅವನ್ನು ಸರಿಯಾಗಿ ಹಂಚಿಕೊಟ್ಟರೆ ಅರ್ಧ ಪತ್ತೆ ಅಲ್ಲೇ ಆಗುತ್ತದೆ ಎಂಬುದು ನನ್ನ ನಂಬಿಕೆ. ಹಂಚಿಕೆ ಸರಿಯಿದೆಯೇ ಎಂದು ನೀವು ನೋಡಿಕೊಡಬೇಕು.

ಮೊದಲು ಏರ್ಪಾಡಿನ ವಿಚಾರ. ಸಾಮಾನ್ಯವಾಗಿ ಈ ಮನೆಗಳಲ್ಲಿರುವುದು ಒಂಟಿ ಕೊಳವೆಯ ವ್ಯವಸ್ಥೆ. ಆವಿ ಯಾವ ಕೊಳವೆಯಲ್ಲಿ ಕೋಣೆಯನ್ನು ಬೆಚ್ಚಗಿಡುವ ರೇಡಿಯೇಟರಿಗೆ ಏರುತ್ತದೆಯೋ ಅದೇ ಕೊಳವೆಯಲ್ಲಿ ನೀರಾಗಿ ಇಳಿದು ಬರುತ್ತದೆ. ನೀರು ಆವಿಯಾದಾಗ ಸುಮಾರು 1,700 ಪಟ್ಟು ಹಿಗ್ಗುವುದರಿಂದ ಅದನ್ನು ತಳ್ಳಲು ಪಂಪ್ ಬೇಡ. ಮನೆಗಳಲ್ಲಿ ಚದರ ಇಂಚಿಗೆ ಎರಡು ಪೌಂಡಿಗಿಂತ ಕಡಿಮೆ ಒತ್ತಡ ಸಾಕು. ಕೊಳವೆಯಲ್ಲಿದ್ದ ಗಾಳಿಯನ್ನು ಮುಖ್ಯ ಕೊಳವೆಯ ಕೊನೆಯಲ್ಲಿರುವ ಮತ್ತು ರೇಡಿಯೇಟರಿನ ಪಕ್ಕದಲ್ಲಿರುವ ಗಾಳಿಕಿಂಡಿಗಳು ಹೊರಬಿಡುತ್ತವೆ. ಬಿಸಿ ಆವಿ ತಾಗಿದೊಡನೆ ಅವು ಮುಚ್ಚಿಕೊಳ್ಳಬೇಕು. ಎಲ್ಲವೂ ಸರಿಯಿದ್ದರೆ ಅದೇ ನೀರು ಚಳಿಗಾಲವಿಡೀ ಸುತ್ತುತ್ತಿರುತ್ತದೆ, ವಾರಗಳು ಕಳೆದ ಮೇಲೆ ಅಷ್ಟಿಷ್ಟು ಸೇರಿಸಿದರೆ ಆಯಿತು. ದಿನ ಬಿಟ್ಟು ದಿನ ನೀರು ಹಾಕಬೇಕಾಗಿ ಬಂದರೆ ಎಲ್ಲೋ ಕೆಟ್ಟಿದೆ ಎಂದೇ ಅರ್ಥ.

ಕೈಪಿಡಿಯಲ್ಲಿ ನಾನು ಹೇಳುವ ಮೊದಲ ಪರೀಕ್ಷೆ ಇದು. ಬಾಯ್ಲರ್ ಆರಿಸಿ, ತಣ್ಣಗಾದ ಮೇಲೆ ಗಾಜುನಳಿಗೆಯ ಮೇಲೆ ನೀರಿನ ಮಟ್ಟಕ್ಕೆ ಸರಿಯಾಗಿ ಒಂದು ತುಂಡು ಟೇಪ್ ಅಂಟಿಸಿ. ತಾನಾಗಿ ನೀರು ತುಂಬುವ ಸಾಧನವಿದ್ದರೆ ಅದರ ನಲ್ಲಿಯನ್ನು ಮುಚ್ಚಿ, ಇಲ್ಲವಾದರೆ ಅದು ಸದ್ದಿಲ್ಲದೆ ಕೊರತೆಯನ್ನು ತುಂಬಿ ನಷ್ಟವನ್ನು ಮರೆಮಾಡುತ್ತದೆ. ಕೆಲವು ಗಂಟೆ ಉರಿ ಹಚ್ಚದೆ ಬಿಟ್ಟು ನೋಡಿ. ಹೊರಗೆ ಹಿಮ ಕೊರೆಯುತ್ತಿರುವಾಗ ಈ ಪರೀಕ್ಷೆ ಬೇಡ, ಸ್ವಲ್ಪ ಬಿಸಿಲಿರುವ ದಿನ ನೋಡಿಕೊಂಡು ಮಾಡಿ. ಉರಿ ಇಲ್ಲದಿದ್ದಾಗಲೂ ಮಟ್ಟ ಇಳಿದರೆ ನೀರು ನೀರಾಗಿಯೇ ಹೋಗುತ್ತಿದೆ, ತೂತು ನೀರಿನ ಮಟ್ಟದ ಕೆಳಗಿದೆ. ಉರಿಯುವಾಗ ಮಾತ್ರ ಇಳಿದು ಆಮೇಲೂ ಏರದಿದ್ದರೆ ನೀರು ಆವಿಯಾಗಿ ಹೋಗುತ್ತಿದೆ. ಉರಿಯುವಾಗ ಇಳಿದು, ಆರಿಸಿದ ಮೇಲೆ ಮೆಲ್ಲಗೆ ಟೇಪಿನವರೆಗೆ ಏರಿದರೆ ನೀರು ಎಲ್ಲೂ ಹೋಗಿಲ್ಲ, ದಾರಿಯಲ್ಲಿ ತಡವಾಗಿದೆ.

ಈ ಮೂರನ್ನೂ ‘ಸೋರಿಕೆ’ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ತೆರಿಗೆಯೂ ಸೋರಿಕೆ, ಪ್ರಶ್ನೆಪತ್ರಿಕೆಯೂ ಸೋರಿಕೆ ಎಂದು ಪತ್ರಿಕೆಗಳು ಬಳಸಿ ಬಳಸಿ ಆ ನಾಮಪದ ತುಂಬ ಹಿಗ್ಗಿದೆ. ಬೆಂಗಳೂರಿನ ನೀರು ಸರಬರಾಜಿನ ಸುದ್ದಿಗಳಲ್ಲಿ ಬರುವ ‘ಲೆಕ್ಕಕ್ಕೆ ಸಿಗದ ನೀರು’ ಎಂಬ ಮಾತು ಇದಕ್ಕಿಂತ ಪ್ರಾಮಾಣಿಕವಾದದ್ದು. ಕಾರಣ ಗೊತ್ತಾಗುವ ಮುಂಚೆ ಬಳಸಲು ಅದು ಹೇಳಿ ಮಾಡಿಸಿದಂತಿದೆ, ಕೈಪಿಡಿಯ ಆರಂಭದಲ್ಲಿ ಅದನ್ನೇ ಇಟ್ಟುಕೊಂಡಿದ್ದೇನೆ.

ಮೊದಲ ಬಗೆಯ ನಷ್ಟಕ್ಕೆ ನನಗೆ ತೋಚುವ ಪದ ‘ಇಂಗು’. ಇಳಿದು ಬರುವ ನೀರು ಬಾಯ್ಲರ್ ಸೇರುವ ಕೊನೆಯ ಕೊಳವೆ ನೀರಿನ ಮಟ್ಟಕ್ಕಿಂತ ಕೆಳಗೆ, ಸದಾ ತುಂಬಿಕೊಂಡೇ ಇರುತ್ತದೆ. ಹಳೆಯ ಮನೆಗಳಲ್ಲಿ ಅದನ್ನು ಕೆಲವೊಮ್ಮೆ ನೆಲದ ಕಾಂಕ್ರೀಟಿನ ಅಡಿಯಲ್ಲಿ ಹೂತಿರುತ್ತಾರೆ. ಅದು ತುಕ್ಕು ತಿಂದು ತೂತಾದರೆ ಮೇಲೆ ಒಂದು ಹನಿಯೂ ಕಾಣುವುದಿಲ್ಲ. ನೀರು ಮಣ್ಣಿಗೆ ಇಂಗುತ್ತದೆ. ‘ಇಂಗುಗುಂಡಿ’ ಗೊತ್ತಿರುವ ಯಾವ ಕನ್ನಡಿಗರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ‘ಹಿಂಗು’ ಬೇಡ ಎನ್ನುವುದು ನನ್ನ ನಿಲುವು. ಬಾಯಾರಿಕೆ ಹಿಂಗುತ್ತದೆ, ನೀರು ಇಂಗುತ್ತದೆ. ಆದರೆ ಕೆಲವು ಕಡೆಯ ಆಡುಮಾತಿನಲ್ಲಿ ನೀರಿಗೂ ‘ಹಿಂಗು’ ಬಳಸುವುದನ್ನು ಕೇಳಿದ್ದೇನೆ, ನಿಮ್ಮ ಸೀಮೆಯಲ್ಲಿ ಹೇಗೆಂದು ತಿಳಿಸಿ. ಕಣ್ಣಿಗೆ ಕಾಣುವ ಜಾಗದಲ್ಲಾದರೆ ‘ಒಸರು’, ‘ಜಿನುಗು’, ‘ತೊಟ್ಟಿಕ್ಕು’ ಎಂಬ ಮೂರು ಮೆಟ್ಟಿಲುಗಳನ್ನು ಬಳಸಿದ್ದೇನೆ: ಕೊಳವೆಯ ಜೋಡಣೆಯಲ್ಲಿ ತೇವ ಕಂಡರೆ ಒಸರುತ್ತಿದೆ, ಹನಿಗಟ್ಟಿದರೆ ಜಿನುಗುತ್ತಿದೆ, ಹನಿ ಉದುರಿದರೆ ತೊಟ್ಟಿಕ್ಕುತ್ತಿದೆ. ‘ಬತ್ತು’ ಮಾತ್ರ ಬೇಡ. ಬಾವಿ ಬತ್ತುವುದಕ್ಕೆ ಯಾರ ತಪ್ಪೂ ಇರಬೇಕಿಲ್ಲ, ಬಾಯ್ಲರ್ ತಾನಾಗಿ ಬತ್ತುವುದಿಲ್ಲ.

ಹೂತ ಕೊಳವೆ ಒಡೆದಾಗ ಬಾಯ್ಲರ್ ಪೂರ್ತಿ ಬರಿದಾಗದಂತೆ ಕಾಯುವ ಒಂದು ಜೋಡಣೆಯಿದೆ, ಹಾರ್ಟ್‌ಫರ್ಡ್ ಲೂಪ್. ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದಲ್ಲಿ 1866ರಲ್ಲಿ ಹುಟ್ಟಿದ ಬಾಯ್ಲರ್ ವಿಮಾ ಕಂಪನಿ 1919ರಲ್ಲಿ ಮುಂದಿಟ್ಟದ್ದರಿಂದ ಆ ಹೆಸರು. ಕೊಳವೆಯನ್ನು ನೀರಿನ ಮಟ್ಟಕ್ಕಿಂತ ಸುಮಾರು ಎರಡು ಇಂಚು ಕೆಳಗಿನವರೆಗೆ ಮೇಲೆತ್ತಿ ಬಾಯ್ಲರಿಗೆ ಸೇರಿಸುತ್ತಾರೆ. ನೀರು ಅಲ್ಲಿಯವರೆಗೆ ಮಾತ್ರ ಹೊರಹೋಗಬಹುದು, ಅದರ ಕೆಳಗಿನದು ಉಳಿಯುತ್ತದೆ. ಇದು ಊರಿನ ಹೆಸರಾದ್ದರಿಂದ ಅನುವಾದಿಸುವ ಗೋಜಿಗೆ ಹೋಗಿಲ್ಲ. ‘ಲೂಪ್’ ಎಂಬುದಕ್ಕೆ ‘ಕುಣಿಕೆ’ ಎಂದು ಸೂಚಿಸಿದವರಿದ್ದಾರೆ, ನನಗೆ ಆ ಪದ ನೇಣನ್ನು ನೆನಪಿಸುತ್ತದೆ.

ಎರಡನೆಯ ಬಗೆಯಲ್ಲಿ ಪದದ ತೊಡಕು ಹೆಚ್ಚು. ಆವಿ, ಹಬೆ, ಉಗಿ ಮೂರನ್ನೂ ನಾವು ಒಂದರ ಬದಲು ಒಂದು ಬಳಸುತ್ತೇವೆ. ಆದರೆ ಕೊಳವೆಯೊಳಗಿನ ಒಣ ಆವಿ ಕಣ್ಣಿಗೆ ಕಾಣುವುದಿಲ್ಲ. ಹೊರಗೆ ಬಂದು ತಂಪು ಗಾಳಿ ತಾಗಿ ಸಣ್ಣ ಹನಿಗಳಾದಾಗ ಮಾತ್ರ ಬಿಳಿಯಾಗಿ ಕಾಣುತ್ತದೆ. ಹಾಗಾಗಿ ಒಳಗಿರುವ, ಕಾಣದ ರೂಪಕ್ಕೆ ‘ಆವಿ’, ಹೊರಗೆ ಕಾಣುವ ಬಿಳಿ ರೂಪಕ್ಕೆ ‘ಹಬೆ’ ಎಂದು ಗೆರೆ ಎಳೆದಿದ್ದೇನೆ. ನೆಗಡಿಯಾದಾಗ ನಾವು ತೆಗೆದುಕೊಳ್ಳುವುದು ಹಬೆ, ಕೆರೆಯಿಂದ ಬಿಸಿಲಿಗೆ ಹೋಗುವುದು ಆವಿ. ಬಳಕೆ ಆಗಲೇ ಅತ್ತ ವಾಲಿದೆ. ‘ಉಗಿ’ ಪದವನ್ನು ಉಗಿಬಂಡಿಗೇ ಬಿಟ್ಟುಬಿಟ್ಟಿದ್ದೇನೆ. ಕಾರಣ, ಕೆಟ್ಟ ಗಾಳಿಕಿಂಡಿ ಆವಿಯ ಜೊತೆ ನೀರನ್ನೂ ಉಗುಳುತ್ತದೆ. ‘ಕಿಂಡಿ ಉಗಿಯುತ್ತಿದೆ’ ಎಂದರೆ ಯಾವುದನ್ನು ಹೇಳುತ್ತಿದ್ದಾರೆ ಎಂಬುದು ಫೋನಿನಲ್ಲಿ ತಿಳಿಯುವುದಿಲ್ಲ. ರೇಡಿಯೇಟರ್ ಪೂರ್ತಿ ಬಿಸಿಯಾದ ಮೇಲೂ ಕಿಂಡಿ ಬುಸುಗುಟ್ಟುತ್ತಿದ್ದರೆ ಅದು ಮುಚ್ಚಿಕೊಳ್ಳುತ್ತಿಲ್ಲ. ಉದ್ದ ಹಿಡಿಯ ತಣ್ಣನೆಯ ಚಮಚವನ್ನು ದೂರದಿಂದ ಅದರ ಮುಂದೆ ಹಿಡಿದರೆ ಮಂಜು ಕಟ್ಟುತ್ತದೆ. ಬರಿಗೈ ಹಿಡಿಯಬಾರದು, ಸುಡುತ್ತದೆ. ಅಂಥ ಕಿಂಡಿ ಬದಲಾಯಿಸಲು ದೊಡ್ಡ ಖರ್ಚೇನೂ ಇಲ್ಲ.

ಖರ್ಚಿನದು ಇನ್ನೊಂದಿದೆ. ಎರಕದ ಕಬ್ಬಿಣದ ಬಾಯ್ಲರಿನ ಮೈ ನೀರಿನ ಮಟ್ಟದಿಂದ ಮೇಲೆ ಕೊರೆದು ತೂತಾಗಿದ್ದರೆ ಆವಿ ನೇರವಾಗಿ ಚಿಮಣಿಗೆ ಹೋಗುತ್ತದೆ. ಮನೆಯೊಳಗೆ ಒಂದು ತೊಟ್ಟು ತೇವವೂ ಇರುವುದಿಲ್ಲ, ಸೋರಿಕೆಯನ್ನು ಹುಡುಕುವವರು ನೆಲ ನೋಡಿ ಸುಮ್ಮನಾಗುತ್ತಾರೆ. ಗಟ್ಟಿ ಚಳಿಯಲ್ಲಿ ಚಿಮಣಿಯಿಂದ ಎಂದಿಗಿಂತ ದಟ್ಟವಾದ ಬಿಳಿ ಹಬೆ ಎದ್ದರೆ ಅನುಮಾನಿಸಬೇಕು. ಖಚಿತಪಡಿಸಿಕೊಳ್ಳುವ ವಿಧಾನ ಹಳೆಯದು: ಬಾಯ್ಲರ್ ಆರಿಸಿ, ಪೂರ್ತಿ ತಣ್ಣಗಾದ ಮೇಲೆ ಎಂದಿನ ಮಟ್ಟಕ್ಕಿಂತ ಮೇಲೆ, ಆವಿ ಹೊರಡುವ ಕೊಳವೆಯ ಬುಡದವರೆಗೆ ನೀರು ತುಂಬಿ, ಕೆಲವು ಗಂಟೆ ಬಿಟ್ಟು, ಟಾರ್ಚ್ ಹಿಡಿದು ಬರ್ನರಿನ ಜಾಗ ನೋಡುವುದು. ಅಲ್ಲಿ ನೀರು ತೊಟ್ಟಿಕ್ಕಿದ್ದರೆ ಬಾಯ್ಲರಿನ ಆಯುಸ್ಸು ಮುಗಿಯಿತು. ಇದನ್ನು ತಿಳಿದವರಿಂದಲೇ ಮಾಡಿಸಬೇಕೆಂದು ದಪ್ಪಕ್ಷರದಲ್ಲಿ ಬರೆದಿದ್ದೇನೆ. ನೀರಿಲ್ಲದೆ ಕಾದ ಬಾಯ್ಲರಿಗೆ ತಣ್ಣೀರು ಸುರಿದರೆ ಕಬ್ಬಿಣ ಬಿರಿಯುತ್ತದೆ. ಗಾಜುನಳಿಗೆಯಲ್ಲಿ ನೀರೇ ಕಾಣದಿದ್ದರೆ ಹಿರಿಯರು ಮಾಡಬೇಕಾದದ್ದು ಸ್ವಿಚ್ ಆರಿಸಿ ಫೋನ್ ಮಾಡುವುದು, ಅಷ್ಟೇ. ಈ ಬಗೆಯ ನಷ್ಟಕ್ಕೆ ಒಂದು ಪದ ಬೇಕು. ‘ಆವಿಯಾಗು’ ಎಂದರೆ ಸಾಲದು, ಬಾಯ್ಲರಿನ ನೀರು ಆವಿಯಾಗಲೆಂದೇ ಇರುವುದು. ‘ಆವಿ ತಪ್ಪಿಸಿಕೊಳ್ಳುವುದು’ ಉದ್ದವಾಯಿತು. ‘ಆವಿಪೋಲು’ ಎಂದು ಕಟ್ಟಿದ್ದೇನೆ, ‘ಪೋಲು’ ಎಲ್ಲರಿಗೂ ತಿಳಿದ ಮಾತು. ಸಮಾಸ ಕಿವಿಗೆ ಹೇಗೆ ಕೇಳುತ್ತದೆ?

ಇಳಿದು ಬರುವ ನೀರಿಗೆ ಹೆಸರಿಡುವುದು ಇನ್ನೂ ಕಷ್ಟವಾಯಿತು. ಪಠ್ಯಪುಸ್ತಕದ ‘ಸಾಂದ್ರೀಕರಣ’ದಿಂದ ಹೊರಟರೆ ‘ಸಾಂದ್ರೀಕೃತ ಜಲ’ ಎಂದಾಗುತ್ತದೆ, ಓದಿದವರು ಅದನ್ನು ಮಂದವಾದ ನೀರು ಎಂದುಕೊಳ್ಳುತ್ತಾರೆ. ‘ಘನೀಕರಣ’ ಎಂದು ಬರೆದರೆ ಮಂಜುಗಡ್ಡೆ ನೆನಪಾಗುತ್ತದೆ. ‘ಮರಳುನೀರು’ ಸುಲಭವೆನಿಸಿತು, ಆದರೆ ಅಲ್ಲೊಂದು ಗುಂಡಿಯಿದೆ. ನನ್ನ ಅಜ್ಜಿಯ ಅಡುಗೆಮನೆಯಲ್ಲಿ ಅನ್ನದ ಎಸರು ಕುದಿಯುತ್ತಿರಲಿಲ್ಲ, ಮರಳುತ್ತಿತ್ತು. ‘ಎಸರು ಮರಳಿತು, ಅಕ್ಕಿ ಹಾಕು’ ಎಂಬ ಮಾತು ಕೇಳಿ ಬೆಳೆದವರಿಗೆ ‘ಮರಳುವ ನೀರು’ ಎಂದರೆ ಬಾಯ್ಲರಿನೊಳಗೆ ಕುದಿಯುವ ನೀರು, ಉಳಿದವರಿಗೆ ಹಿಂದಿರುಗುವ ನೀರು. ಒಂದೇ ಯಂತ್ರದಲ್ಲಿ ಎರಡೂ ಇವೆ! ಜೊತೆಗೆ ಹೊಳೆಯ ಮರಳು ಬೇರೆ. ಆದ್ದರಿಂದ ‘ಇಳಿನೀರು’ ಎಂದು ಬರೆದಿದ್ದೇನೆ. ‘ಭಟ್ಟಿ ಇಳಿಸು’ ಎಂಬಲ್ಲಿ ಆವಿ ನೀರಾಗುವ ಅರ್ಥ ಆಗಲೇ ಇದೆ, ಕೊಳವೆಯಲ್ಲಿ ಅದು ನಿಜಕ್ಕೂ ಇಳಿದೇ ಬರುತ್ತದೆ. ಬಾಯ್ಲರಿನ ಕುದಿನೀರಿಗೆ ‘ಎಸರು’ ಎನ್ನುವ ಆಸೆ ನನಗೆ ಬಹಳ ಇದೆ. ಜಿಡ್ಡು ಸೇರಿದಾಗ ಮಟ್ಟ ಕುಣಿದು ನೀರು ಆವಿಯ ಕೊಳವೆಗೆ ನುಗ್ಗುವ ರೋಗವೊಂದಿದೆ, ಹೊಸ ಕೊಳವೆ ಹಾಕಿದ ಮೇಲೆ ಹೆಚ್ಚು. ಅದಕ್ಕೆ ‘ಎಸರು ಉಕ್ಕುವುದು’ ಎಂದರೆ ಬೇರೆ ವಿವರಣೆಯೇ ಬೇಡ. ಆದರೆ ಎಸರು ಎಂದರೆ ಅಡುಗೆಯದೇ ಎಂದು ನಗುವವರಿದ್ದರೆ ಕೈಬಿಡುತ್ತೇನೆ.

ಮೂರನೆಯ ಬಗೆ, ಹೋಗದೆ ತಡವಾದ ನೀರು. ಕೊಳವೆಗೆ ಇಳಿಜಾರು ಬೇಕು. ಆವಿಯೂ ನೀರೂ ಒಂದೇ ದಿಕ್ಕಿಗೆ ಹರಿದರೆ 20 ಅಡಿಗೆ ಒಂದು ಇಂಚು, ಎದುರುಬದುರಾದರೆ 10 ಅಡಿಗೆ ಒಂದು ಇಂಚು. ನೂರು ವರ್ಷದ ಮನೆ ಕುಸಿದು ಕೊಳವೆ ನಡುವೆ ಜೋತರೆ ಅಲ್ಲಿ ನೀರು ನಿಲ್ಲುತ್ತದೆ, ಆವಿ ಬಂದು ಬಡಿದಾಗ ಸುತ್ತಿಗೆಯ ಸದ್ದು ಬರುತ್ತದೆ. ಒತ್ತಡ ಹೆಚ್ಚಿಟ್ಟರೂ ಹೀಗೆಯೇ. ಚದರ ಇಂಚಿಗೆ ಒಂದು ಪೌಂಡ್ ಒತ್ತಡ ಸುಮಾರು 28 ಇಂಚು ಎತ್ತರದ ನೀರನ್ನು ಎತ್ತಿ ನಿಲ್ಲಿಸಬಲ್ಲದು. ಒತ್ತಡ ಏರಿದಂತೆ ಇಳಿನೀರು ಬಾಯ್ಲರ್ ಸೇರದೆ ಕೊಳವೆಯಲ್ಲೇ ಎತ್ತರಕ್ಕೆ ನಿಲ್ಲುತ್ತದೆ. ಇದನ್ನು ನಷ್ಟವೆಂದು ತಿಳಿದು ತುಂಬುವ ಸಾಧನ ನೀರು ಬಿಡುತ್ತದೆ, ಆಮೇಲೆ ಹಳೆಯದೂ ಬಂದು ಸೇರಿ ಬಾಯ್ಲರ್ ಮಿತಿಮೀರಿ ತುಂಬುತ್ತದೆ. ಇದಕ್ಕೆ ‘ತಂಗು’ ಎಂದು ಬರೆದಿದ್ದೇನೆ: ‘ನೀರು ದಾರಿಯಲ್ಲಿ ತಂಗಿದೆ.’ ತಂಗಿದವರು ಹೊರಟು ಬಂದೇ ಬರುತ್ತಾರೆ ಎಂಬ ಧ್ವನಿ ಅದರಲ್ಲಿದೆ, ‘ನಿಲ್ಲು’ ಕ್ರಿಯಾಪದದಲ್ಲಿ ಆ ಭರವಸೆಯಿಲ್ಲ.

ಕೊನೆಯದಾಗಿ, ಕೊರತೆ ತುಂಬಲು ಸೇರಿಸುವ ನೀರು. ‘ಮರುಪೂರಣ’ವನ್ನು ಅಂತರ್ಜಲದವರು ತೆಗೆದುಕೊಂಡಿದ್ದಾರೆ, ‘ಪೂರೈಕೆ’ ನಗರಸಭೆಯದು. ನಾನು ಆರಿಸಿದ್ದು ‘ಹೊಸನೀರು’. ಕೇಡಿರುವುದೇ ಅದರ ಹೊಸತನದಲ್ಲಿ. ನಲ್ಲಿಯ ನೀರಿನಲ್ಲಿ ಕರಗಿದ ಆಮ್ಲಜನಕ ಕಾದಾಗ ಬಿಡುಗಡೆಯಾಗಿ ಕಬ್ಬಿಣವನ್ನು, ಅದರಲ್ಲೂ ನೀರಿನ ಮಟ್ಟದ ಅಂಚನ್ನು, ತಿನ್ನುತ್ತದೆ. ಗಡಸು ನೀರಾದರೆ ಸುಣ್ಣದ ಪದರವೂ ಕಟ್ಟುತ್ತದೆ. ಕುದಿದು ಕುದಿದು ಗಾಳಿ ಕಳೆದುಕೊಂಡ ಹಳೆನೀರೇ ಬಾಯ್ಲರಿಗೆ ಹಿತ. ಅಗ್ಗದ ಗಾಳಿಕಿಂಡಿಯೊಂದು ಕೆಟ್ಟು, ದಿನವೂ ಹೊಸನೀರು ಸೇರಿ, ಕೆಲವೇ ವರ್ಷಗಳಲ್ಲಿ ಬಾಯ್ಲರಿನ ಮೈಯೇ ತೂತಾಗಬಹುದು. ಹಿರಿಯರಿಗೆ ನಾನು ಮುಟ್ಟಿಸಬೇಕಾದ ಮುಖ್ಯ ಮಾತು ಇದೇ, ‘ಹೊಸನೀರು ಹಾಕಿದ್ದೀರಾ’ ಎಂದು ಕೇಳಿದರೆ ಒಂದೇ ಸಲಕ್ಕೆ ಅರ್ಥವಾಗಬೇಕು. ಆದರೆ ಹೊಳೆಯ ಊರುಗಳಲ್ಲಿ ಹೊಸನೀರು ಎಂದರೆ ಮುಂಗಾರಿನ ಕೆಂಪು ನೀರು, ಶುಭದ ಪದ. ಅಂಥ ಪದಕ್ಕೆ ಕೇಡಿನ ಅರ್ಥ ಅಂಟಿಸಬಹುದೇ?

ಹೀಗೆ ನನ್ನ ಕೇಳಿಕೆ ನಾಲ್ಕು ಪದಗಳ ಬಗ್ಗೆ: ಆವಿಪೋಲು, ಇಳಿನೀರು, ತಂಗು, ಹೊಸನೀರು. ಉತ್ತರ ಕರ್ನಾಟಕ ಮತ್ತು ಕರಾವಳಿಯವರು ‘ಎಸರು ಮರಳು’ ನಿಮ್ಮಲ್ಲಿ ಇಂದಿಗೂ ಇದೆಯೇ ಎಂದು ತಿಳಿಸಿದರೆ ದೊಡ್ಡ ಉಪಕಾರ. ಸಕ್ಕರೆ ಕಾರ್ಖಾನೆಗಳ ಬಾಯ್ಲರ್ ಮನೆಯಲ್ಲಿ ದುಡಿದವರು ಯಾರಾದರೂ ಇದ್ದರೆ, ಆವಿ ನೀರಾಗಿ ಹಿಂದೆ ಬರುವುದಕ್ಕೆ ಅಲ್ಲಿನ ಕೆಲಸಗಾರರು ಏನೆನ್ನುತ್ತಿದ್ದರು ಎಂಬುದನ್ನು ದಯವಿಟ್ಟು ಬರೆಯಿರಿ. ನಾನು ಕಟ್ಟಿದ ಪದಕ್ಕಿಂತ ಅವರು ಆಡಿದ ಪದಕ್ಕೆ ಕೈಪಿಡಿಯಲ್ಲಿ ಮೊದಲ ಜಾಗ.