ಸಹಾಯ ಬೇಕು: ತುಮಕೂರಲ್ಲಿ ಬಾಡಿಗೆಗೆ 18 ಇಂಚಿನ ಸಬ್ (ಸಬ್‌ವೂಫರ್), ಡಿಐ ಬಾಕ್ಸ್

ಎಲ್ಲರಿಗೂ ನಮಸ್ಕಾರ. ಬಿ.ಎಚ್. ರಸ್ತೆ ಪಕ್ಕದ ಸಣ್ಣ ಹಾಲ್‌ನಲ್ಲಿ ಇಬ್ಬರದೇ ಕಾರ್ಯಕ್ರಮ. ಒಬ್ಬರದು ಅಮೆರಿಕದ ಹಳೇ ಸೋಲ್ (soul) ಸಂಗೀತದ ಶೈಲಿಯ ಹಾಡುಗಾರಿಕೆ, ಇನ್ನೊಬ್ಬರದು ಲ್ಯಾಪ್‌ಟಾಪ್: ಕಿಕ್ ಡ್ರಮ್, ಬೇಸ್, ಆಗಾಗ ಆರ್ಗನ್‌ನ ಒಂದು ಕಾರ್ಡ್ (ಒಟ್ಟಿಗೆ ನುಡಿಯೋ ಕೆಲವು ಸ್ವರ), ಅಷ್ಟೇ. (ಸೋಲ್ ಹಾಡು, ಯಂತ್ರದ ತಾಳ, ಈ ಜೋಡಿ ಹೊಸದೇನಲ್ಲ. ರೋಲ್ಯಾಂಡ್ 808 ಡ್ರಮ್ ಮಷೀನ್ ಬಂದಿದ್ದು 1980ರಲ್ಲಿ. 1982ಕ್ಕೇ ಸೋಲ್ ಗಾಯಕ ಮಾರ್ವಿನ್ ಗೇ ಅದರ ಜೊತೆ ಹಾಡಿಯಾಗಿತ್ತು.)

ಬೇಸ್ 41ರಿಂದ 55 ಹರ್ಟ್ಸ್ ಒಳಗೇ ಓಡಾಡುತ್ತೆ. ಸೌಂಡ್ಸ್‌ನವರು ಮಾಮೂಲಿ ಕೊಡೋ ಟಾಪ್‌ಗಳಲ್ಲಿ (ಸ್ಟ್ಯಾಂಡ್ ಮೇಲಿನ ಮುಖ್ಯ ಸ್ಪೀಕರ್) ಅದು ಮುಕ್ಕಾಲು ಮಾಯ. ಸ್ಯಾಚುರೇಶನ್ (ಸದ್ದನ್ನು ತುಸು ಒಡೆಸೋ ಎಫೆಕ್ಟ್) ಹಾಕಿ 110 ಹರ್ಟ್ಸ್ ಮೇಲೆ ಹಾರ್ಮೋನಿಕ್, ಅಂದರೆ ಮೂಲ ಸ್ವರದ ಮೇಲಿನ ಉಪಸ್ವರ, ಎಬ್ಬಿಸಿದರೆ ಕೇಳುತ್ತೆ, ಆದರೆ ಗಾಯಕರ ಮಂದ್ರ ಸ್ವರ ಮುಚ್ಚಿಹೋಗುತ್ತೆ. ಹಾಗಾಗಿ ತಗ್ಗಿನ ಬೇಸ್ ನುಡಿಸೋ 18 ಇಂಚಿನ ಎರಡು ಸಬ್ ಬೇಕು, ಕ್ರಾಸೋವರ್ (ಸಬ್‌ಗೂ ಟಾಪ್‌ಗೂ ಸದ್ದು ಹಂಚೋ ಗಡಿ) 90 ಹರ್ಟ್ಸ್ ಆಸುಪಾಸು, ಸಿಗ್ನಲ್ ಮೋನೋ (ಎರಡಕ್ಕೂ ಒಂದೇ). ಎರಡನ್ನೂ ವೇದಿಕೆ ಮುಂದೆ ನಡುವಲ್ಲಿ ಒತ್ತಿಗೇ ಇಡಬೇಕು. ಆ ಕಡೆ ಒಂದು ಈ ಕಡೆ ಒಂದು ಇಟ್ಟರೆ ಕೆಲವು ಸಾಲುಗಳಲ್ಲಿ ಬೇಸ್ ಒಂದನ್ನೊಂದು ನುಂಗಿಬಿಡುತ್ತೆ.

ಇನ್ನೊಂದು, ಲ್ಯಾಪ್‌ಟಾಪ್‌ಗೆ ಚಾರ್ಜರ್ ಸಿಕ್ಕಿಸಿದ ಕೂಡಲೇ ಗುಂಯ್ ಅನ್ನೋ ಹಮ್. ತುಂಬು ವಾದ್ಯಮೇಳದಲ್ಲಿ ಇದು ಯಾರಿಗೂ ಗೊತ್ತಾಗಲ್ಲ, ಇಲ್ಲಿ ಅರ್ಧ ಹಾಡೇ ಮೌನ. ಅರ್ತ್ ಪಿನ್ ಕೀಳಿ ಅಂತ ದಯವಿಟ್ಟು ಹೇಳಬೇಡಿ, ಶಾಕ್ ಹೊಡೆಯುತ್ತೆ. ಟ್ರಾನ್ಸ್‌ಫಾರ್ಮರ್ ಇರೋ, ಗ್ರೌಂಡ್ ಲಿಫ್ಟ್ ಸ್ವಿಚ್ (ಆಡಿಯೋ ಕೇಬಲ್‌ನ ಗ್ರೌಂಡ್ ಮಾತ್ರ ಬಿಡಿಸೋದು) ಇರೋ ಸ್ಟೀರಿಯೋ ಡಿಐ, ಅಂದರೆ ಲ್ಯಾಪ್‌ಟಾಪನ್ನು ಮಿಕ್ಸರ್‌ಗೆ ಸೇರಿಸೋ ಡಬ್ಬಿ, ಒಂದು ಸಾಕು.

ತುಮಕೂರು ಅಥವಾ ಗುಬ್ಬಿ ಕಡೆ ಇವು ಯಾರ ಹತ್ತಿರ ಇವೆ? ದಿನದ ಬಾಡಿಗೆ, ಆಂಪ್ಲಿಫೈಯರ್ ಸೇರಿ ಎಷ್ಟು ಅಂತ ಕಾಮೆಂಟಲ್ಲಿ ಹಾಕಿ. ಟಾಪ್, ಮೈಕ್, ಮಿಕ್ಸರ್ ಇವೆ, ಬೇಡ.