ಅಪ್‌ಡೇಟ್: ಬಡ್ಡಿ ಬ್ಯಾಚ್‌ನ ಎಸ್0ಸಿ7 ಎರರ್‌ಗೆ ಕಾರಣ ಸಿಕ್ಕಿತು

ಮೇನ್‌ಫ್ರೇಮ್‌ನಲ್ಲಿ ಓಡುವ ಬಡ್ಡಿ ಲೆಕ್ಕದ ಕೋಬಾಲ್ ಬ್ಯಾಚ್ ಪ್ರೋಗ್ರಾಂ ರಾತ್ರಿ ಎಸ್0ಸಿ7 (ಸಂಖ್ಯೆ ಇರಬೇಕಾದ ಕಡೆ ಸಂಖ್ಯೆಯಲ್ಲದ್ದು ಸಿಕ್ಕರೆ ಬರುವ ಎರರ್) ಕೊಟ್ಟು ನಿಂತುಹೋಗುತ್ತದೆ, ಯಾಕೆ ಅಂತ ಇಲ್ಲಿ ಮೊದಲು ಕೇಳಿದ್ದೆ; ಈಗ ಕಾರಣ ಸಿಕ್ಕಿತು. ಡಂಪ್ (ನಿಂತ ಕ್ಷಣದ ಮೆಮೊರಿಯ ನಕಲು) ನೋಡಿದರೆ ಮೊತ್ತದ ಕಾಂಪ್-3 ಫೀಲ್ಡ್ (ಬೈಟ್‌ಗೆ ಎರಡು ಅಂಕಿಯಂತೆ ಒತ್ತಿಟ್ಟ ‘ಪ್ಯಾಕ್ಡ್’ ಸಂಖ್ಯೆಯ ಜಾಗ) ತುಂಬಾ ಹೆಕ್ಸ್ 40, ಅಂದರೆ ಮೇನ್‌ಫ್ರೇಮ್‌ನ ಅಕ್ಷರ ಸಂಕೇತದಲ್ಲಿ ಬರೀ ಸ್ಪೇಸ್. ಪ್ಯಾಕ್ಡ್ ಸಂಖ್ಯೆಯ ಕೊನೆಯ ಅರ್ಧ ಬೈಟ್‌ನಲ್ಲಿ ಸಿ, ಡಿ, ಎಫ್‌ನಂಥ ಧನ-ಋಣ ಚಿಹ್ನೆ ಇರಬೇಕು. ಇಲ್ಲಿದ್ದದ್ದು ಸೊನ್ನೆ. ಕೂಡಲು ಹೋದ ತಕ್ಷಣ ಅಬೆಂಡ್, ಅಂದರೆ ಪ್ರೋಗ್ರಾಂ ಅರ್ಧಕ್ಕೇ ನಿಂತುಹೋಗುವುದು.

ಈಗ ಲೆಕ್ಕಕ್ಕೆ ಮುಂಚೆ ಇಫ್ ನ್ಯೂಮರಿಕ್ ಪರೀಕ್ಷೆ (ಫೀಲ್ಡ್‌ನಲ್ಲಿರುವುದು ಸಂಖ್ಯೆಯೇ ಅಂತ ನೋಡುವುದು) ಇದೆ. ಫೇಲಾದ ರೆಕಾರ್ಡ್ ಖಾತೆ ಸಂಖ್ಯೆ ಸಮೇತ ಎರರ್ ಫೈಲ್‌ಗೆ ಹೋಗುತ್ತದೆ, ರಿಟರ್ನ್ ಕೋಡ್ 4 (ಎಚ್ಚರಿಕೆಯ ಸಂಕೇತ). ಮಿಕ್ಕ ಖಾತೆಗಳ ಕೆಲಸ ನಿಲ್ಲುವುದಿಲ್ಲ. ಕೆಟ್ಟ ಫೀಲ್ಡ್‌ಗೆ ಸುಮ್ನೆ ಸೊನ್ನೆ ತುಂಬಿಬಿಡಿ ಅನ್ನುವ ಸಲಹೆಯನ್ನು ಮಾತ್ರ ಒಪ್ಪಲಿಲ್ಲ. ಜನರ ದುಡ್ಡು ಅಲ್ವಾ? ಅಬೆಂಡ್ ಆದರೆ ಬೆಳಗ್ಗೆಯೇ ಗೊತ್ತಾಗುತ್ತದೆ, ತಪ್ಪು ಬಡ್ಡಿ ತಿಂಗಳಾದರೂ ಕಣ್ಣಿಗೆ ಬೀಳುವುದಿಲ್ಲ.

ಡಂಪ್‌ನ ಆಫ್‌ಸೆಟ್ (ಪ್ರೋಗ್ರಾಂ ನಿಂತ ಜಾಗದ ಸ್ಥಾನ) ಹಿಡಿದು ಕಂಪೈಲ್ ಲಿಸ್ಟಿಂಗ್‌ನಲ್ಲಿ (ಕಂಪೈಲರ್ ಕೊಡುವ ಕೋಡ್‌ನ ಪಟ್ಟಿ) ಸಾಲು ಹುಡುಕಿ ಅಂದವರಿಗೆ ತುಂಬಾ ಥ್ಯಾಂಕ್ಸ್. ದಾರಿ ತೋರಿಸಿದ್ದೇ ಅದು.